ಆಮ್ಲ ಹಿಡಿದ ಕಾಗದಕ್ಕೆ ನ್ಯಾನೊ ಸುಣ್ಣ: ಯಾವುದಕ್ಕೆ, ಎಷ್ಟು, ಹೇಗೆ

ಹಳೆಯ ಪುಸ್ತಕ, ದಾಖಲೆ ಹಿಡಿದು ಬರುವವರಲ್ಲಿ ಹೆಚ್ಚಿನವರು ಕೇಳುವುದು ಪುಡಿಯಾಗುತ್ತಿರುವ ಹಾಳೆಗೆ ಮತ್ತೆ ಗಟ್ಟಿತನ ಕೊಡುವ ಮದ್ದನ್ನು. ನ್ಯಾನೊ ಸುಣ್ಣದಿಂದ, ಅಂದರೆ ಆಲ್ಕೊಹಾಲಿನಲ್ಲಿ ತೇಲಿಸಿದ ಸುಣ್ಣದ ಅತಿ ಸಣ್ಣ ಕಣಗಳಿಂದ, ಆ ಕೆಲಸ ಆಗದು. ಕಾಗದದೊಳಗಿನ ಆಮ್ಲವನ್ನು ಅದು ತಟಸ್ಥಗೊಳಿಸುತ್ತದೆ, ಮುಂದೆ ಹುಟ್ಟಲಿರುವ ಆಮ್ಲಕ್ಕಾಗಿ ಒಂದಿಷ್ಟು ಕ್ಷಾರವನ್ನು ಒಳಗೇ ಉಳಿಸಿಡುತ್ತದೆ. ಕಾಗದದ ನಾರುಗಳ ಮೂಲವಸ್ತುವಾದ ಸೆಲ್ಯುಲೋಸಿನ ತುಂಡಾಗಿಹೋದ ಸರಪಳಿಯನ್ನು ಬೆಸೆಯುವ ಶಕ್ತಿ ಅದಕ್ಕಿಲ್ಲ. ಆದ್ದರಿಂದ ಹಾಳೆ ಕಂದಾಗಿ ಅಂಚು ಉದುರುವವರೆಗೆ ಕಾಯದೆ, ಇನ್ನೂ ಬಾಗುವಂತಿರುವಾಗಲೇ ಇದನ್ನು ಮಾಡಬೇಕು. ಗ್ರಂಥಾಲಯಗಳು ಚಿಕಿತ್ಸೆಗೆ ಆರಿಸುವಾಗ ಹಲವು ಸಲ ಅತಿ ಹಾಳಾದದ್ದನ್ನೇ ಮೊದಲು ಮುಂದಿಡುತ್ತವೆ. ನನ್ನ ಪ್ರಕಾರ ಸರದಿ ತಿರುಗಬೇಕು: ಪುಡಿಯಾಗುತ್ತಿರುವುದನ್ನು ಸ್ಕ್ಯಾನ್ ಮಾಡಿ ಪೆಟ್ಟಿಗೆಯಲ್ಲಿಡಿ, ಹಳದಿಗೆ ತಿರುಗಿಯೂ ಬಾಗುತ್ತಿರುವುದಕ್ಕೆ ಸುಣ್ಣ ಕೊಡಿ.

ಆಮ್ಲ ಬಂದದ್ದು ಕಾಗದ ತಯಾರಿಕೆಯಿಂದಲೇ. ಜರ್ಮನಿಯ ಮೊರಿಟ್ಸ್ ಇಲ್ಲಿಗ್ 1807ರಲ್ಲಿ, ಶಾಯಿ ಹರಡದಂತೆ ತಿರುಳಿಗೆ ರಾಳ ಮತ್ತು ಆಲಂ ಬೆರೆಸುವ ವಿಧಾನವನ್ನು ಪ್ರಕಟಿಸಿದ. ಕಾಗದ ಕಾರ್ಖಾನೆಯ ಆಲಂ ಎಂದರೆ ಅಲ್ಯುಮಿನಿಯಂ ಸಲ್ಫೇಟ್. ತೇವಾಂಶ ಸಿಕ್ಕಾಗ ಅದರಿಂದ ಆಮ್ಲ ಬಿಡುಗಡೆಯಾಗುತ್ತದೆ. ಮುಂದೆ ಚಿಂದಿಬಟ್ಟೆಯ ಬದಲು ಮರದ ತಿರುಳು ಬಂತು, ಅದರೊಂದಿಗೆ ಕಾಗದವನ್ನು ಹಳದಿಯಾಗಿಸುವ ಲಿಗ್ನಿನ್ ಎಂಬ ಮರದ ಅಂಶ ಕೂಡ. ಹತ್ತೊಂಬತ್ತನೇ ಶತಮಾನದ ಕೊನೆಯಿಂದ ಇಪ್ಪತ್ತನೆಯದರ ಬಹುಭಾಗದವರೆಗೆ ನಮ್ಮಲ್ಲಿ ಅಚ್ಚಾದ ಪಠ್ಯಪುಸ್ತಕ, ಮಾಸಪತ್ರಿಕೆ, ಕರಪತ್ರಗಳ ಕಾಗದ ಹೆಚ್ಚಾಗಿ ಇಂಥದ್ದೇ. ತಾಳೆಗರಿ ಮತ್ತು ಬಟ್ಟೆಯ ಕಡತಗಳ ಪಾಡು ಬೇರೆ. ಈ ಚಿಕಿತ್ಸೆ ಅವಕ್ಕಲ್ಲ.

ಸುಣ್ಣದಿಂದ ಆಮ್ಲ ತಗ್ಗಿಸುವುದು ಹೊಸದೇನಲ್ಲ. ಸುಣ್ಣದ ತಿಳಿನೀರಲ್ಲಿ, ಆಮೇಲೆ ಕ್ಯಾಲ್ಸಿಯಂ ಬೈಕಾರ್ಬನೇಟ್ ದ್ರಾವಣದಲ್ಲಿ ಹಾಳೆ ಅದ್ದುವ ಪದ್ಧತಿ ದಶಕಗಳಿಂದ ಇದೆ. ಶಾಯಿ ತಡೆಯುವಂತಿದ್ದರೆ, ಬಿಡಿ ಹಾಳೆಗೆ ಇವತ್ತಿಗೂ ನಾನು ನೀರಿನ ವಿಧಾನವನ್ನೇ ಆರಿಸುತ್ತೇನೆ. ನೀರು ಆಮ್ಲವನ್ನೂ ಕಂದು ಕೊಳೆಯನ್ನೂ ತೊಳೆದು ಹೊರಹಾಕುತ್ತದೆ. ಆಲ್ಕೊಹಾಲಿನಿಂದ ಅಷ್ಟು ಆಗದು. ನೀರು ತಾಗಿಸಲಾಗದ ಶಾಯಿ, ಬಿಚ್ಚಲಾಗದ ಹೊಲಿಗೆಯ ಪುಸ್ತಕ, ಒದ್ದೆಯಾದರೆ ಎತ್ತಲು ಬಾರದ ಹಾಳೆ, ಇವು ಎದುರಾದಾಗ ನ್ಯಾನೊ ಸುಣ್ಣ ಬೇಕಾಗುತ್ತದೆ. ಫ್ಲಾರೆನ್ಸ್ ವಿಶ್ವವಿದ್ಯಾಲಯದಲ್ಲಿ ಪಿಯೆರೊ ಬಾಲ್ಯೋನಿ, ರೊಡೊರಿಕೊ ಜಾರ್ಜಿ ಮೊದಲಾದವರ ತಂಡ 2002ರಲ್ಲಿ ಪ್ರಕಟಿಸಿದ ಕೆಲಸ ಇದಕ್ಕೆ ದಾರಿ ಮಾಡಿತು. ಮಾಮೂಲಿ ಸುಣ್ಣದ ಪುಡಿಯನ್ನು ಆಲ್ಕೊಹಾಲಿಗೆ ಹಾಕಿದರೆ ತಳ ಸೇರುತ್ತದೆ, ಹಾಳೆಗೆ ಬಳಿದರೆ ಬಿಳಿ ಪುಡಿಯಾಗಿ ಮೇಲೆ ಕೂರುತ್ತದೆ. ಕೆಲವು ಹತ್ತುಗಳಿಂದ ಇನ್ನೂರೈವತ್ತರವರೆಗಿನ ನ್ಯಾನೊಮೀಟರಿನಷ್ಟು (ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು ಒಂದು ನ್ಯಾನೊಮೀಟರ್) ಸಣ್ಣ ಕಣಗಳು ಹೆಚ್ಚು ಹೊತ್ತು ತೇಲುತ್ತವೆ, ನಾರುಗಳ ನಡುವೆ ಇಳಿಯುತ್ತವೆ. ಆಮ್ಲ ಕಳೆದು ಉಳಿದ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಕ್ಯಾಲ್ಸಿಯಂ ಕಾರ್ಬನೇಟ್ ಆಗುತ್ತದೆ. ಉಳಿತಾಯದ ಕ್ಷಾರ ಎಂದರೆ ಅದೇ.

ಬಾಟಲಿ ತೆರೆಯುವ ಮುಂಚೆ ಪರೀಕ್ಷೆ. ಪಿಎಚ್ ಎಂದರೆ ಆಮ್ಲ, ಕ್ಷಾರಗಳ ಅಳತೆ: 7 ತಟಸ್ಥ, ಅದಕ್ಕಿಂತ ಕಡಿಮೆಯಾದರೆ ಆಮ್ಲ, ಹೆಚ್ಚಾದರೆ ಕ್ಷಾರ. ಅದನ್ನು ಬಣ್ಣದಿಂದ ತೋರಿಸುವ ಪಿಎಚ್ ಪೆನ್ನಿನ ಗೆರೆ ಅಳಿಸಲಾಗದು, ಮೂಲ ಪ್ರತಿಗೆ ಅದು ಬೇಡ. ಚಪ್ಪಟೆ ತುದಿಯ ಎಲೆಕ್ಟ್ರೋಡ್ ಇರುವ ಮೀಟರ್ ತೆಗೆದುಕೊಂಡು, ಖಾಲಿ ಅಂಚಿನಲ್ಲಿ ಒಂದು ಹನಿ ಡಿಸ್ಟಿಲ್ಡ್ ನೀರಿಟ್ಟು ಅಳೆಯಿರಿ. ಕೂಡಲೇ ಬ್ಲಾಟಿಂಗ್ ಪೇಪರಿನಿಂದ ಒತ್ತದಿದ್ದರೆ ನೀರಿನ ಕಲೆ ಉಳಿಯುತ್ತದೆ. ಅಳತೆ 5 ಇದ್ದ ಕಾಗದಕ್ಕಿಂತ 4 ಇದ್ದದ್ದು ಹತ್ತು ಪಟ್ಟು ಆಮ್ಲೀಯ ಎಂಬುದು ನೆನಪಿರಲಿ.

ಆಮೇಲೆ ಪ್ರತಿಯೊಂದು ಶಾಯಿ, ಬಣ್ಣ, ಮೊಹರಿನ ಮೇಲೂ ಐಸೊಪ್ರೊಪೈಲ್ ಆಲ್ಕೊಹಾಲಿನ ಸಣ್ಣ ಹನಿ ಇಟ್ಟು, ಬಿಳಿ ಬ್ಲಾಟರಿನಿಂದ ಒತ್ತಿ ನೋಡಿ. ಅಚ್ಚಿನ ಕಪ್ಪು ಶಾಯಿ ಸಾಮಾನ್ಯವಾಗಿ ಅಲುಗುವುದಿಲ್ಲ. ಕೈಕೊಡುವುದು ಗ್ರಂಥಾಲಯದ ನೇರಳೆ ರಬ್ಬರ್ ಮೊಹರು, ಬಾಲ್ ಪೆನ್ನು, ಕಾಪಿಯಿಂಗ್ ಪೆನ್ಸಿಲ್ (ಕರಗುವ ಬಣ್ಣ ಬೆರೆತ ಹಳೆಯ ಪೆನ್ಸಿಲ್). ನೀರಿಗೆ ಹೆದರದ ಬಾಲ್ ಪೆನ್ನಿನ ಬರಹ ಆಲ್ಕೊಹಾಲಿನಲ್ಲಿ ಹರಿದುಹೋಗುತ್ತದೆ. ಕ್ಷಾರಕ್ಕೆ ಬಣ್ಣ ಬದಲಿಸುವ ವಸ್ತುಗಳು ಇನ್ನೊಂದು ಗುಂಪು. ನೀಲಿ ನಕ್ಷೆಗಳ ಪ್ರಶ್ಯನ್ ನೀಲಿ ಕ್ಷಾರದಲ್ಲಿ ಕೆಡುತ್ತದೆ. ಅವುಗಳ ಹತ್ತಿರವೂ ಸುಣ್ಣ ಸುಳಿಯಬಾರದು. ನಮ್ಮ ಲೆಕ್ಕದ ಪುಸ್ತಕದ ಮೊದಲ ಪುಟ, ಜಾತಕ, ಲಗ್ನಪತ್ರಿಕೆಗಳಿಗೆ ಅರಿಶಿನ ಹಚ್ಚಿರುತ್ತಾರೆ. ಅರಿಶಿನದ ಬಣ್ಣ ಆಲ್ಕೊಹಾಲಿನಲ್ಲಿ ಕರಗಿ ಹರಡುತ್ತದೆ, ಸುಣ್ಣ ತಾಗಿ ಕೆಂಪಾಗುತ್ತದೆ. ಆ ಪುಟವನ್ನು ಹಾಗೇ ಬಿಟ್ಟು, ಎದುರಿಗೆ ಕ್ಷಾರಯುಕ್ತ ತೆಳು ಕಾಗದವಿಡುವುದು ಸರಿ.

ಈಗ ಪ್ರಮಾಣ. 70 ಜಿಎಸ್‌ಎಂನ (ಚದರ ಮೀಟರಿಗೆ 70 ಗ್ರಾಂ ತೂಗುವ) ಎ4 ಹಾಳೆ ಸುಮಾರು 4.4 ಗ್ರಾಂ ತೂಗುತ್ತದೆ. ತೂಕದ ಶೇಕಡಾ 1ರಷ್ಟು ಕಾರ್ಬನೇಟ್ ಉಳಿಯಬೇಕೆಂದರೆ 44 ಮಿಲಿಗ್ರಾಂ, ಅದಕ್ಕೆ ಬೇಕಾದ ಸುಣ್ಣ ಸುಮಾರು 32 ಮಿಲಿಗ್ರಾಂ. ಲೀಟರಿಗೆ 5 ಗ್ರಾಂ ಇರುವ ದ್ರವದಲ್ಲಿ ಅದು ಆರೂವರೆ ಮಿಲಿಲೀಟರ್. ಹಾಳೆಯಲ್ಲಿ ಆಗಲೇ ಇರುವ ಆಮ್ಲವೂ ಒಂದು ಪಾಲು ನುಂಗುವುದರಿಂದ 8ರಿಂದ 9 ಮಿಲಿಲೀಟರ್ ಹಿಡಿಯಿರಿ. ಆದರೆ ಅಷ್ಟನ್ನೂ ಒಂದೇ ಸಲ ಕೊಡಬಾರದು. ದ್ರವವನ್ನು ಅದೇ ಆಲ್ಕೊಹಾಲಿನಿಂದ ಎರಡು ಪಟ್ಟು ತೆಳುಮಾಡಿ, ಪ್ರತಿ ಮಗ್ಗುಲಿಗೆ ಎರಡೆರಡು ಸಲ, ನಡುವೆ ಒಣಗಲು ಬಿಟ್ಟು ಕೊಡಬೇಕು. ಚಿಕಿತ್ಸೆಗೆ ಮುಂಚೆ ಮತ್ತು ನಂತರ ಹಾಳೆ ತೂಗಿ ಲೆಕ್ಕ ಹಾಕಲು ಹೋಗಬೇಡಿ. ಹವೆಯ ತೇವಾಂಶ ಬದಲಾದರೆ ಸಾಕು, ಹಾಳೆಯ ತೂಕ ಇದಕ್ಕಿಂತ ಹೆಚ್ಚು ಏರಿಳಿಯುತ್ತದೆ.

ಹಾಳೆಯ ಧೂಳನ್ನು ಮೆತ್ತನೆಯ ಕುಂಚದಿಂದ ತೆಗೆಯಿರಿ. ಗುಂಡುಸೂಜಿ, ಸೆಲ್ಲೊಟೇಪ್ ಬಿಡಿಸಿ. ಬಾಟಲಿಯನ್ನು ಚೆನ್ನಾಗಿ ಕುಲುಕಿ, ತಳದಲ್ಲಿ ಗಷ್ಟು ಕಂಡರೆ ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ಹತ್ತು ನಿಮಿಷ ಇಡಿ. ಬ್ಲಾಟರಿನ ಮೇಲೆ ಪಾಲಿಯೆಸ್ಟರ್ ನಾನ್‌ವೊವನ್ (ನೇಯದ ತೆಳು ಬಟ್ಟೆ), ಅದರ ಮೇಲೆ ಹಾಳೆ. ಏರ್‌ಬ್ರಷ್ ಅನ್ನು ಒಂದಡಿ ದೂರದಲ್ಲಿ ಹಿಡಿದು, ಒಂದೇ ವೇಗದಲ್ಲಿ, ಸಾಲಿನ ಮೇಲೆ ಸಾಲು ಅರ್ಧ ಏರುವಂತೆ ಸಿಂಪಡಿಸಿ. ಏರ್‌ಬ್ರಷ್ ಇಲ್ಲದಿದ್ದರೆ ಜಪಾನಿ ಟಿಶ್ಯೂ (ತೆಳುವಾದರೂ ಗಟ್ಟಿ ನಾರಿನ ಕಾಗದ) ಹೊದಿಸಿ ಅದರ ಮೇಲಿಂದ ಅಗಲ ಕುಂಚದಲ್ಲಿ ಬಳಿಯಬಹುದು. ಐಸೊಪ್ರೊಪೈಲ್ ಆಲ್ಕೊಹಾಲಿನ ಆವಿ 12 ಡಿಗ್ರಿ ಸೆಲ್ಸಿಯಸ್‌ನಲ್ಲೇ ಹೊತ್ತಿಕೊಳ್ಳಬಲ್ಲದು. ಆವಿಯನ್ನು ಹೊರಗೆಳೆಯುವ ಫ್ಯೂಮ್ ಹುಡ್ ಅಥವಾ ಕಿಡಿ ಹಾರದ ಎಕ್ಸಾಸ್ಟ್ ಇಲ್ಲದ ಕೋಣೆಯಲ್ಲಿ ಈ ಕೆಲಸ ಖಂಡಿತ ಬೇಡ. ನೈಟ್ರೈಲ್ ಕೈಗವಸು, ಕನ್ನಡಕ ಬಿಡಬಾರದು.

ಒಣಗಿದ ಮೇಲೆ ಬಿಳಿ ಪೊರೆ ಕಟ್ಟುವುದು ತೀರಾ ಸಾಮಾನ್ಯವಾದ ತೊಂದರೆ. ದ್ರವ ಗಟ್ಟಿಯಿದ್ದರೆ, ಕಣಗಳು ಗಂಟು ಕಟ್ಟಿದ್ದರೆ, ಒಂದೇ ಕಡೆ ಹೆಚ್ಚು ಬಿದ್ದರೆ ಹೀಗಾಗುತ್ತದೆ. ಹವೆಯಲ್ಲಿ ತೇವ ಹೆಚ್ಚಿದ್ದರೂ ಆಗುತ್ತದೆ: ಆಲ್ಕೊಹಾಲ್ ಆರುವಾಗ ಹಾಳೆ ತಣ್ಣಗಾಗಿ ಅದರ ಮೇಲೆ ನೀರು ಕೂರುತ್ತದೆ, ಕಣಗಳು ಒಳಗಿಳಿಯದೆ ಮೇಲೇ ಒಟ್ಟುಗೂಡುತ್ತವೆ. ಕರಾವಳಿಯ ಮಳೆಗಾಲದಲ್ಲಿ ಡೀಹ್ಯುಮಿಡಿಫೈಯರ್ ಇಲ್ಲದೆ ಇದಕ್ಕೆ ಕೈಹಾಕಬೇಡಿ. ತೆಳು ಪೊರೆಯಾದರೆ ಒಣ ಕುಂಚಕ್ಕೆ ಬರುತ್ತದೆ.

ಸಿಂಪಡಿಸಿದ ದಿನವೇ ಪಿಎಚ್ ಅಳೆದರೆ 10ರ ಮೇಲೆ ಕಂಡು ಗಾಬರಿಯಾದೀತು. ಸುಣ್ಣ ಇನ್ನೂ ಕಾರ್ಬನೇಟ್ ಆಗಿರುವುದಿಲ್ಲ. ಶೇಕಡಾ 50ರಿಂದ 60ರ ತೇವಾಂಶದಲ್ಲಿ, ಗಾಳಿಯಾಡುವಂತೆ ಒಂದೆರಡು ವಾರ ಬಿಟ್ಟು ಅಳೆಯಿರಿ, 7.5ರಿಂದ 8.5ರ ನಡುವೆ ನಿಂತರೆ ಕೆಲಸ ಸರಿಯಾಗಿದೆ. ಆದರೆ ನಡುವಿನ ಆ ತೀಕ್ಷ್ಣ ಕ್ಷಾರವೇ ಕೆಲವು ಕಾಗದಕ್ಕೆ ಮುಳುವು. ಬೆಳಕಿಗೆ, ಗಾಳಿಗೆ ಒಡ್ಡಿಕೊಂಡು ತೀರಾ ಕಂದಾದ ಸೆಲ್ಯುಲೋಸ್ ಕ್ಷಾರದಲ್ಲೂ ತುಂಡಾಗುತ್ತದೆ, ಲಿಗ್ನಿನ್ ಹೆಚ್ಚಿರುವ ಪತ್ರಿಕೆ ಕಾಗದ ಇನ್ನಷ್ಟು ಹಳದಿಯಾಗುತ್ತದೆ. ಅಂಥವಕ್ಕೆ ಲೀಟರಿಗೆ 1 ಗ್ರಾಂನಷ್ಟು ತೆಳುವಾಗಿ ಕೊಡಿ, ಇಲ್ಲವೇ ಇಷ್ಟು ತೀಕ್ಷ್ಣವಲ್ಲದ ಮೆಗ್ನೀಸಿಯಂ ಹೈಡ್ರಾಕ್ಸೈಡ್ ಕಣ ಬಳಸಿ.

ಹಳೆಯ ಕೈಬರಹದ ದಾಖಲೆಗಳಲ್ಲಿನ ಕಬ್ಬಿಣದ ಶಾಯಿಗೂ ಮೆಗ್ನೀಸಿಯಮ್ಮೇ ಮೇಲು, ಆದರೆ ಅದೊಂದೇ ಸಾಲದು. ಅಲ್ಲಿ ಆಮ್ಲದ ಜೊತೆಗೆ ಕಬ್ಬಿಣದ ಅಯಾನು ಕೂಡ ಕಾಗದವನ್ನು ಉತ್ಕರ್ಷಿಸಿ ತೂತು ಮಾಡುತ್ತದೆ. ಕಬ್ಬಿಣ ಪತ್ತೆಹಚ್ಚುವ ಬ್ಯಾಥೊಫಿನಾಂತ್ರೊಲಿನ್ ಪರೀಕ್ಷಾ ಪಟ್ಟಿಯನ್ನು ಒದ್ದೆಮಾಡಿ ಶಾಯಿಗೆ ಒತ್ತಿದಾಗ ಗುಲಾಬಿಯಾದರೆ ಸಕ್ರಿಯ ಕಬ್ಬಿಣವಿದೆ ಎಂದರ್ಥ. ನೀರು ತಾಗಿಸಬಹುದಾದರೆ ಕಬ್ಬಿಣವನ್ನು ಕಟ್ಟಿಹಾಕುವ ಕ್ಯಾಲ್ಸಿಯಂ ಫೈಟೇಟ್ ಚಿಕಿತ್ಸೆಯತ್ತ ಹೋಗಬೇಕು. ನಮ್ಮ ಬೈಂಡಿಂಗಿನವರು ಹುಳ ಬೀಳದಿರಲೆಂದು ಮೈದಾ ಅಂಟಿಗೆ ಹಾಕುತ್ತಿದ್ದ ಮೈಲುತುತ್ತವೂ ಇದೇ ಜಾತಿಯ ಅಪಾಯ. ತಾಮ್ರ ಉಳಿದಿರುವಲ್ಲಿ ಸುಣ್ಣದ ಪ್ರಯೋಜನ ಅರ್ಧ. ಅಸಿಟೇಟ್ ಎಂಬ ಪ್ಲಾಸ್ಟಿಕ್ ಹಾಳೆ ಅಂಟಿಸಿ ಲ್ಯಾಮಿನೇಟ್ ಮಾಡಿದ ದಾಖಲೆಗಳಲ್ಲಂತೂ ಕಣ ಒಳಗೇ ಇಳಿಯದು. ವಿನೆಗರ್ ವಾಸನೆ ಬರುತ್ತಿದ್ದರೆ ಮೊದಲು ಆ ಪದರ ತೆಗೆಯಬೇಕು.

ಹಾಳೆಗೆ ಬಲ ಬೇಕಿದ್ದರೆ ಜಪಾನಿ ಟಿಶ್ಯೂವನ್ನು ಗೋಧಿ ಪಿಷ್ಟದ ಅಂಟಿನಿಂದ ಹಿಂದೆ ಕೂರಿಸಬಹುದು, ಆದರೆ ಸುಣ್ಣ ಕೊಟ್ಟು ಕಾರ್ಬನೇಟ್ ಆದ ಮೇಲೆಯೇ. ಮೊದಲೇ ಅಂಟು ಹಚ್ಚಿದರೆ ಕಣಗಳ ದಾರಿ ಕಟ್ಟುತ್ತದೆ. ಯಾವ ಕಣ, ಎಷ್ಟು ಗಾಢತೆ, ಯಾವ ಆಲ್ಕೊಹಾಲ್, ಚಿಕಿತ್ಸೆಗೆ ಮುಂಚಿನ ಮತ್ತು ನಂತರದ ಪಿಎಚ್, ದಿನಾಂಕ ಇಷ್ಟನ್ನೂ ಬೇರೆ ಕಡತದಲ್ಲಿ ಬರೆದಿಡಿ. ಉಳಿಸಿದ ಕ್ಷಾರ ವರ್ಷ ಕಳೆದಂತೆ ಖರ್ಚಾಗುತ್ತದೆ. ಅದೇ ಹಾಳೆಯನ್ನು ಮತ್ತೆ ಅಳೆಯುವವರಿಗೆ ಈ ಅಂಕಿಗಳು ಬೇಕಾಗುತ್ತವೆ.