ಬ್ಯಾರೆಲ್ ತಿರುಗಿಸಿ ಹಾಕಿದ ಮೇಲೂ ಗೇಜು ಯಾಕೆ?

ಓದುಗರ ಪ್ರಶ್ನೆ: ಅಮೆರಿಕದ ಎಂ-2 ಹೆವಿ ಮೆಷಿನ್ ಗನ್ ಬಿಚ್ಚಿ ಜೋಡಿಸುವ ವಿಡಿಯೊ ನೋಡಿದೆ. ಬ್ಯಾರೆಲ್ ಹಾಕಿ ತಿರುಗಿಸಿದ ಮೇಲೆ ಸೈನಿಕರು ಒಂದು ಪುಟ್ಟ ತಗಡಿನ ಗೇಜು ತೂರಿಸಿ ನೋಡ್ತಾರೆ. ಅದೇನು? ಬ್ಯಾರೆಲ್ ಬಿಗಿಯಾಗಿ ಕೂತರೆ ಕೆಲಸ ಮುಗೀಲಿಲ್ವಾ?

ಮುಗಿಯೋದಿಲ್ಲ. ನಿಜ ಹೇಳಬೇಕೆಂದರೆ ಬಿಗಿಯಾಗಿ ಕೂತರೇ ತೊಂದರೆ.

ನಾನು ಸೈನ್ಯದಲ್ಲಿ ಇದ್ದವನಲ್ಲ. ಪೀಣ್ಯದ ಟೂಲ್ ರೂಮಿನಲ್ಲಿ ವರ್ಷಗಟ್ಟಲೆ ಗೇಜು ಹಿಡಿದು ನಿಂತವನು. ಹಾಗಾಗಿ ಈ ಪ್ರಶ್ನೆ ಓದಿ ಖುಷಿಯಾಯಿತು. ಗನ್ನಿನ ಬಗ್ಗೆ ಬರೆಯುವವರು ಅದರ ಸದ್ದು, ದೂರ, ಯುದ್ಧ ಇವುಗಳನ್ನೇ ಹೇಳುತ್ತಾರೆ. ಅದನ್ನು ನೂರು ವರ್ಷ ಬದುಕಿಸಿದ್ದು ಒಂದು ತಗಡಿನ ತುಂಡು ಅಂತ ಹೇಳುವವರು ಕಡಿಮೆ.

ಮೊದಲು ಗನ್ನಿನ ಪರಿಚಯ. ಇದರ ಮೂಲ ವಿನ್ಯಾಸ ಜಾನ್ ಮೋಸೆಸ್ ಬ್ರೌನಿಂಗ್ ಅವರದು. 1918ರ ಹೊತ್ತಿಗೆ, ಮೊದಲ ಮಹಾಯುದ್ಧದ ಕೊನೆಯಲ್ಲಿ ಕೆಲಸ ಶುರುವಾಯಿತು. ಬ್ರೌನಿಂಗ್ 1926ರಲ್ಲಿ ತೀರಿಕೊಂಡರು. ಆಮೇಲೆ ಸ್ಯಾಮ್ಯುಯೆಲ್ ಗ್ರೀನ್ ಎಂಬ ಎಂಜಿನಿಯರ್ ಅದನ್ನು ತಿದ್ದಿ ತೀಡಿದರು. 1933ರಲ್ಲಿ ಎಂ-2 ಎಂಬ ಹೆಸರಿನಲ್ಲಿ ಸೈನ್ಯಕ್ಕೆ ಬಂತು. ಇವತ್ತಿಗೂ ಕೆಲಸದಲ್ಲಿದೆ. ಗನ್ನಿನ ತೂಕ ಸುಮಾರು 38 ಕಿಲೊ, ಅದರಲ್ಲಿ ಬ್ಯಾರೆಲ್ ಒಂದೇ 11 ಕಿಲೊ. ಮೂರು ಕಾಲಿನ ಸ್ಟ್ಯಾಂಡ್ ಸೇರಿದರೆ 58 ಕಿಲೊ. ಅಂದರೆ ಒಂದು ಸಿಮೆಂಟ್ ಮೂಟೆಗಿಂತ ಜಾಸ್ತಿ. ಅದರ ತೋಟಾ ಸುಮಾರು 138 ಮಿ.ಮೀ. ಉದ್ದ, ನಮ್ಮ ಅಂಗೈಯ ಬುಡದಿಂದ ನಡುಬೆರಳಿನ ಅರ್ಧದ ಹತ್ತಿರದವರೆಗೂ ಬರುತ್ತದೆ.

ಈಗ ಗೇಜಿನ ಮಾತು.

ತೋಟಾದ ಹಿತ್ತಾಳೆ ಕೊಳವೆ ಬ್ಯಾರೆಲ್ಲಿನ ಹಿಂಭಾಗದ ಗೂಡಿನಲ್ಲಿ ಕೂರುತ್ತದೆ. ಅದರ ಬೆನ್ನಿಗೆ ಬೋಲ್ಟ್ ಎಂಬ ಉಕ್ಕಿನ ದಪ್ಪ ತುಂಡು ಒರಗಿರುತ್ತದೆ. ಮದ್ದು ಹೊತ್ತಿಕೊಂಡಾಗ ಒಳಗಿನ ಒತ್ತಡ ಸುಮಾರು 55,000 ಪಿಎಸ್‌ಐ. ಕಾರಿನ ಟಯರಿಗೆ ನಾವು ಹಾಕಿಸುವುದು 30, 33 ಅಷ್ಟೆ. ತೆಳು ಹಿತ್ತಾಳೆಗೆ ಆ ಒತ್ತಡ ತಡೆಯುವ ಶಕ್ತಿ ಇಲ್ಲವೇ ಇಲ್ಲ. ಸುತ್ತಲೂ ಬ್ಯಾರೆಲ್ಲಿನ ಗೋಡೆ, ಹಿಂದೆ ಬೋಲ್ಟಿನ ಮುಖ ಒತ್ತಿ ಹಿಡಿದಿರುವುದರಿಂದ ಅದು ಬದುಕುತ್ತದೆ. ಗೋಣಿಚೀಲ ಗೋಡೆಗೆ ಒರಗಿದಷ್ಟು ಹೊತ್ತು ನೇರ ನಿಂತ ಹಾಗೆ.

ಬೋಲ್ಟಿನ ಮುಖಕ್ಕೂ ಗೂಡಿನಲ್ಲಿ ಪೂರ್ತಿ ಕೂತ ತೋಟಾದ ಬೆನ್ನಿಗೂ ನಡುವೆ ಇರುವ ಸಂದಿಗೆ ಹೆಡ್‌ಸ್ಪೇಸ್ ಅನ್ನುತ್ತಾರೆ. ಸಂದಿ ಜಾಸ್ತಿಯಾದರೆ ಹಿತ್ತಾಳೆಗೆ ಹಿಂದಿನಿಂದ ಆಸರೆ ಇರುವುದಿಲ್ಲ. ಅದು ಹಿಗ್ಗುತ್ತದೆ, ಹರಿಯುತ್ತದೆ. ಕಾದ ಅನಿಲ ಮುಂದೆ ಹೋಗುವ ಬದಲು ಗನ್ನಿನ ಪೆಟ್ಟಿಗೆಯೊಳಗೆ ನುಗ್ಗುತ್ತದೆ. ಅದರ ಹಿಂದೆ ಕೂತಿರುವುದು ಮನುಷ್ಯ. ಸಂದಿ ಕಡಿಮೆಯಾದರೆ ಬೋಲ್ಟ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಗುಂಡು ಹಾರುವುದಿಲ್ಲ, ಇಲ್ಲವೇ ಗನ್ನು ಕೆಮ್ಮುತ್ತಾ ಹಾರಿಸಿ ನಡುವೆ ನಿಲ್ಲುತ್ತದೆ.

ಬುಲೆಟ್ ಗಾಡಿಯ ಟ್ಯಾಪೆಟ್ ಸೆಟ್ ಮಾಡಿಸಿದವರಿಗೆ ಇದು ಥಟ್ಟನೆ ಹೊಳೆಯುತ್ತದೆ. ಸಡಿಲ ಆದರೆ ಟಕಟಕ, ಬಿಗಿ ಆದರೆ ವಾಲ್ವ್ ಸುಟ್ಟುಹೋಗುತ್ತದೆ. ಮೆಕ್ಯಾನಿಕ್ ಕಿವಿಯಲ್ಲೇ ಕೇಳಿ ಸರಿಮಾಡಬಹುದು. ಇಲ್ಲಿ ಕಿವಿ ನಂಬುವ ಹಾಗಿಲ್ಲ.

ಹಾಗಾದರೆ ಬ್ಯಾರೆಲ್ ಬದಲಿಸಿದಾಗ ಮಾತ್ರ ಈ ಸಂದಿ ಯಾಕೆ ಬದಲಾಗಬೇಕು? ಉತ್ತರ ಥ್ರೆಡ್ಡಿನಲ್ಲಿದೆ. ಎಂ-2ರ ಬ್ಯಾರೆಲ್ ತನ್ನ ಹಿಂದಿರುವ ಬ್ಯಾರೆಲ್ ಎಕ್ಸ್‌ಟೆನ್ಷನ್ ಎಂಬ ಭಾಗಕ್ಕೆ ಬಾಟಲಿ ಮುಚ್ಚಳದ ಹಾಗೆ ತಿರುಗಿ ಕೂರುತ್ತದೆ. ಬೋಲ್ಟ್ ಸೇರಿಕೊಳ್ಳುವುದೂ ಅದೇ ಭಾಗಕ್ಕೆ. ಕೆಳಗಿನಿಂದ ಒಂದು ಉಕ್ಕಿನ ತುಂಡು ಮೇಲೆದ್ದು ಬೋಲ್ಟನ್ನು ಅದಕ್ಕೆ ಬೀಗ ಹಾಕುತ್ತದೆ. ಬೋಲ್ಟಿನ ಜಾಗ ಗಟ್ಟಿ, ಆದರೆ ಬ್ಯಾರೆಲ್ ಎಷ್ಟು ಸುತ್ತು ತಿರುಗಿದೆಯೋ ಅದರ ಮೇಲೆ ಸಂದಿ ಹೆಚ್ಚು ಕಡಿಮೆ ಆಗುತ್ತದೆ. ತಿರುಗಿಸುವಾಗ ಒಂದು ಸ್ಪ್ರಿಂಗ್ ಪಟ್ಟಿ ಬ್ಯಾರೆಲ್ಲಿನ ಕಚ್ಚುಗಳಲ್ಲಿ ಬಿದ್ದು ಕ್ಲಿಕ್ ಕ್ಲಿಕ್ ಅನ್ನುತ್ತದೆ. ಒಂದು ಕ್ಲಿಕ್ ಆಚೀಚೆ ಆದರೂ ಲೆಕ್ಕ ಬದಲು. ಪೂರ್ತಿ ಬಿಗಿ ಮಾಡಿ ಬಿಟ್ಟರೆ ಸಂದಿಯೇ ಇಲ್ಲ. ಅದಕ್ಕೇ ಮೊದಲೇ ಹೇಳಿದ್ದು, ಬಿಗಿಯಾಗಿ ಕೂತರೇ ತೊಂದರೆ ಅಂತ.

ಆ ಗೇಜಿಗೆ ಎರಡು ತುದಿ. ಒಂದು 0.202 ಇಂಚು, ಇನ್ನೊಂದು 0.206 ಇಂಚು. ಮೊದಲನೆಯದು ಗೋ, ಅದು ಒಳಗೆ ಹೋಗಬೇಕು. ಎರಡನೆಯದು ನೋ-ಗೋ, ಅದು ಹೋಗಬಾರದು. ಎರಡರ ನಡುವೆ ಇರುವ ವ್ಯತ್ಯಾಸ ಇಂಚಿನ ಸಾವಿರದಲ್ಲಿ ನಾಲ್ಕು ಭಾಗ, ಅಂದರೆ ಸುಮಾರು ಒಂದು ಮಿ.ಮೀ.ನ ಹತ್ತನೇ ಒಂದು ಭಾಗ. 38 ಕಿಲೊ ಉಕ್ಕಿನ ಹಣೆಬರಹ ಅಷ್ಟರೊಳಗೆ ಇರಬೇಕು. ನಮ್ಮ ಟೂಲ್ ರೂಮಿನಲ್ಲಿ ಹೊಸದಾಗಿ ಸೇರಿದ ಹುಡುಗರು ಮಾಡುತ್ತಿದ್ದ ಒಂದೇ ತಪ್ಪು: ಗೋ ಹೋಯಿತು ಅಂತ ಸಂತೋಷಪಟ್ಟು ನೋ-ಗೋ ಹಾಕುವುದನ್ನೇ ಮರೆಯುವುದು. ಒಂದು ಲಾಟ್ ಪೂರ್ತಿ ತಿರಸ್ಕಾರ ಆಗಿ ವಾಪಸ್ ಬಂದ ದಿನ ನಾನೂ ಆ ಹುಡುಗರಲ್ಲಿ ಒಬ್ಬನಾಗಿದ್ದೆ. ಹೋಗುವುದನ್ನು ನೋಡುವುದು ಸುಲಭ, ಹೋಗದಿರುವುದನ್ನು ನೋಡಲು ಅಭ್ಯಾಸ ಬೇಕು.

ಇದರ ಜೊತೆಗೆ ಇನ್ನೆರಡು ಎಲೆಗಳಂಥ ಗೇಜು ಇರುತ್ತವೆ, 0.020 ಮತ್ತು 0.116 ಇಂಚಿನವು. ಅವು ಟೈಮಿಂಗ್ ನೋಡಲು. ಗುಂಡು ಹಾರಿದಾಗ ಬ್ಯಾರೆಲ್ಲೂ ಬೋಲ್ಟೂ ಕೈ ಹಿಡಿದುಕೊಂಡೇ ಸ್ವಲ್ಪ ದೂರ ಹಿಂದೆ ಬರುತ್ತವೆ, ಆಮೇಲೆ ಬೀಗ ಕಳಚಿ ಬೋಲ್ಟ್ ಒಂದೇ ಹಿಂದಕ್ಕೆ ಹಾರುತ್ತದೆ, ಮತ್ತೆ ಮುಂದೆ ಬರುತ್ತದೆ. ಮುಂದೆ ಬಂದು ಪೂರ್ತಿ ನೆಲೆ ನಿಲ್ಲುವ ಸ್ವಲ್ಪ ಮುಂಚೆ ಮುಂದಿನ ಗುಂಡು ಹಾರಬೇಕು. ತಡವಾದರೆ ಉಕ್ಕಿಗೆ ಉಕ್ಕು ಬಡಿದು ಭಾಗಗಳು ಜಜ್ಜಿಹೋಗುತ್ತವೆ. ಬೇಗ ಆದರೂ ಓಟ ಕೆಡುತ್ತದೆ. ಖಾಲಿ ಗನ್ನಿನಲ್ಲಿ ತೆಳು ಎಲೆ ಇಟ್ಟು ಟ್ರಿಗರ್ ಒತ್ತಿದರೆ ಟಕ್ ಅನ್ನಬೇಕು, ದಪ್ಪ ಎಲೆ ಇಟ್ಟು ಒತ್ತಿದರೆ ಅನ್ನಬಾರದು. ಇಷ್ಟೇ ಪರೀಕ್ಷೆ.

ಗುಂಡು ಹಾರಿಸುವ ಮುಂಚೆ ಒಮ್ಮೆ, ಬಿಚ್ಚಿ ಜೋಡಿಸಿದ ಮೇಲೆ ಒಮ್ಮೆ, ಬ್ಯಾರೆಲ್ ಬದಲಿಸಿದಾಗ ಒಮ್ಮೆ. ಅಮೆರಿಕದ ಸೈನ್ಯದ ಕೈಪಿಡಿಗಳು ಇದನ್ನು ತಲೆ ಚಿಟ್ಟು ಹಿಡಿಯುವಷ್ಟು ಸಲ ಹೇಳುತ್ತವೆ. ಒಂದು ಗನ್ನಿಗೆ ಸೆಟ್ ಆದ ಬ್ಯಾರೆಲ್ಲನ್ನು ಪಕ್ಕದ ಗನ್ನಿಗೆ ಸುಮ್ನೆ ಹಾಕುವ ಹಾಗಿಲ್ಲ.

ಇಷ್ಟು ಕಿರಿಕಿರಿಯ ವಿನ್ಯಾಸವನ್ನು ಬ್ರೌನಿಂಗ್ ಅಂಥವರು ಯಾಕೆ ಮಾಡಿದರು ಅಂತ ನೀವು ಕೇಳಬಹುದು. ಆಗಿನ ಕಾಲ ನೆನೆಸಿಕೊಳ್ಳಿ. ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರ ಇಲ್ಲ. ಪ್ರತಿ ಬ್ಯಾರೆಲ್, ಪ್ರತಿ ಬೋಲ್ಟ್ ಕೂದಲೆಳೆಯಷ್ಟು ಬೇರೆ. ಥ್ರೆಡ್ ಇಟ್ಟರೆ ಆ ವ್ಯತ್ಯಾಸವನ್ನು ಸೈನಿಕನೇ ತಿರುಗಿಸಿ ಸರಿಮಾಡಿಕೊಳ್ಳುತ್ತಾನೆ. ಸವೆತಕ್ಕೂ ಅದೇ ಮದ್ದು. ಜೊತೆಗೆ 1921ರ ಮೊದಲ ಮಾದರಿಗೆ ನೀರಿನ ಜಾಕೆಟ್ ಇತ್ತು. ಬ್ಯಾರೆಲ್ ಅಷ್ಟು ಬೇಗ ಕಾಯುತ್ತಿರಲಿಲ್ಲ, ಬದಲಿಸುವ ಪ್ರಮೇಯವೂ ಕಡಿಮೆ. ಆಮೇಲೆ ನೀರು ತೆಗೆದು ಗಾಳಿಗೆ ಬಿಟ್ಟಾಗ ತೆಳು ಬ್ಯಾರೆಲ್ ಸುಮಾರು 75 ಗುಂಡಿಗೇ ಕಾದು ಕೂರುತ್ತಿತ್ತು. ಅದಕ್ಕೇ ದಪ್ಪ ಬ್ಯಾರೆಲ್ ಬಂತು. ಈಗಲೂ ಆ ಗನ್ನಿನ ಪೂರ್ತಿ ಹೆಸರಿನಲ್ಲಿ ಎಚ್‌ಬಿ ಅಂತ ಇರುತ್ತದೆ, ಹೆವಿ ಬ್ಯಾರೆಲ್. ಆ ಕಾಲಕ್ಕೆ ಅದು ಜಾಣ ವಿನ್ಯಾಸವೇ, ಕಿರಿಕಿರಿ ಶುರುವಾಗಿದ್ದು ಬ್ಯಾರೆಲ್ಲನ್ನು ಯುದ್ಧದ ನಡುವೆ ಬದಲಿಸಬೇಕಾಗಿ ಬಂದಾಗ.

ಬಿಚ್ಚುವ ಬಗ್ಗೆಯೂ ಕೇಳಿದ್ದೀರಿ ಅಂದುಕೊಂಡು ಎರಡು ಮಾತು. ಎಂ-2ನ್ನು ಮೈದಾನದಲ್ಲಿ ಬಿಚ್ಚುವುದು ದೊಡ್ಡ ದೊಡ್ಡ ಭಾಗಗಳಾಗಿ ಅಷ್ಟೆ: ಬ್ಯಾರೆಲ್, ಹಿಂದಿನ ಪ್ಲೇಟ್, ಬೋಲ್ಟನ್ನು ಮುಂದಕ್ಕೆ ತಳ್ಳುವ ಡ್ರೈವಿಂಗ್ ಸ್ಪ್ರಿಂಗ್, ಬೋಲ್ಟ್, ಹಿಂದೊದೆತದ ಪೆಟ್ಟು ತಗ್ಗಿಸುವ ಬಫರ್, ಎಕ್ಸ್‌ಟೆನ್ಷನ್. ಎಲ್ಲಕ್ಕಿಂತ ಮೊದಲು ಗೂಡು ಖಾಲಿ ಇದೆಯಾ ಅಂತ ಕಣ್ಣಿಂದ ನೋಡಿ, ಬೆರಳಿಂದ ಮುಟ್ಟಿ ಖಾತ್ರಿ ಮಾಡಿಕೊಳ್ಳುತ್ತಾರೆ. ಅದರ ನಂತರದ ಅಪಾಯ ಆ ಸ್ಪ್ರಿಂಗು. ಹಿಂದಿನ ಪ್ಲೇಟ್ ತೆಗೆದಾಗ ಸ್ಪ್ರಿಂಗ್ ಅದುಮಿಕೊಂಡೇ ಇದ್ದರೆ ಅದು ಬಾಣದ ಹಾಗೆ ಹಿಂದಕ್ಕೆ ಚಿಮ್ಮಬಹುದು. ಕೈಪಿಡಿಯಲ್ಲಿ ದಪ್ಪ ಅಕ್ಷರದ ಎಚ್ಚರಿಕೆ ಇದಕ್ಕೇ. ಗನ್ನಿನ ಮುಂದೆ ನಿಲ್ಲಬಾರದು ಅನ್ನುವುದು ಎಲ್ಲರಿಗೂ ಗೊತ್ತು. ಬಿಚ್ಚುವಾಗ ಹಿಂದೆಯೂ ನಿಲ್ಲಬಾರದು.

ಬಿಚ್ಚಿದ ಮೇಲೆ ನೋಡುವುದೇನು? ಫೈರಿಂಗ್ ಪಿನ್ನಿನ ತುದಿ ಮುರಿದಿದೆಯಾ, ಚೂಪಾಗಿದೆಯಾ. ಬೋಲ್ಟಿನ ಮುಖದ ಕಚ್ಚಿನಲ್ಲಿ ಬಿರುಕು ಇದೆಯಾ. ಸ್ಪ್ರಿಂಗ್ ಬಾಗಿದೆಯಾ. ಉಜ್ಜುವ ಜಾಗಗಳಲ್ಲಿ ಬರ್, ಅಂದರೆ ಲೋಹದ ಚೂಪು ಮುಳ್ಳು, ಎದ್ದಿದೆಯಾ. ಇದನ್ನು ಟಾರ್ಚಿನಿಂದ ನೋಡುವುದಕ್ಕಿಂತ ಬೆರಳ ತುದಿಯಲ್ಲಿ ಸವರಿದರೆ ಬೇಗ ಗೊತ್ತಾಗುತ್ತದೆ. ಬ್ಯಾರೆಲ್ಲಿನಲ್ಲಿ ಮೊದಲು ಸವೆಯುವುದು ಗೂಡಿನ ಮುಂದಿನ ಜಾಗ, ಬೆಂಕಿ ಮೊದಲು ನೆಕ್ಕುವುದೇ ಅಲ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಆ ಭಾಗಕ್ಕೆ ಸ್ಟೆಲೈಟ್ ಎಂಬ ಕೋಬಾಲ್ಟ್ ಮಿಶ್ರಲೋಹದ ಒಳಪದರ ಕೂರಿಸಲು ಶುರುಮಾಡಿದರು. ಲೇತ್‌ನಲ್ಲಿ ಸ್ಟೆಲೈಟ್ ಟೂಲ್ ಬಳಸಿದ ಹಳಬರಿಗೆ ಆ ಹೆಸರು ಕೇಳಿದರೆ ನಗು ಬರಬಹುದು, ಅದೇ ವಸ್ತು.

ಎಣ್ಣೆ ವಿಷಯಕ್ಕೆ ಬಂದರೆ, ಜಾಸ್ತಿ ಹಾಕಿದಷ್ಟು ಒಳ್ಳೆಯದು ಅನ್ನುವುದು ನಮ್ಮ ಜನರ ನಂಬಿಕೆ. ಮರಳುಗಾಡಿನಲ್ಲಿ ಆ ಎಣ್ಣೆಗೆ ಮರಳು ಅಂಟಿ ಉಜ್ಜುವ ಪೇಸ್ಟ್ ಆಗುತ್ತದೆ. ಎರಡನೇ ಮಹಾಯುದ್ಧದ ಬಿ-17 ಬಾಂಬರ್‌ಗಳ ಕಥೆ ಇನ್ನೂ ಮಜಾ. ಅದರ ಜಿ ಮಾದರಿಯಲ್ಲಿ ಇಂಥ 13 ಗನ್ನುಗಳಿದ್ದವು. ಯುರೋಪಿನ ಆಕಾಶದಲ್ಲಿ ಅಷ್ಟು ಎತ್ತರಕ್ಕೆ ಹೋದರೆ ಚಳಿ ಸೊನ್ನೆಗಿಂತ 40 ಡಿಗ್ರಿ ಕೆಳಗೆ. ಎಣ್ಣೆ ಚಳಿಗಾಲದ ತೆಂಗಿನೆಣ್ಣೆಯಂತೆ ಗಟ್ಟಿಯಾಗಿ ಗನ್ನು ಅಲುಗಾಡುತ್ತಿರಲಿಲ್ಲ. ಹಾಗಾಗಿ ಗನ್ನರ್‌ಗಳು ಹಾರುವ ಮುಂಚೆ ಎಣ್ಣೆಯನ್ನು ಒರೆಸಿ ಒರೆಸಿ ತೆಗೆಯುತ್ತಿದ್ದರು, ತೆಳು ಪದರ ಮಾತ್ರ ಉಳಿಯುವ ಹಾಗೆ.

ಇನ್ನೊಂದು ವಿಚಿತ್ರ, ಆಗೆಲ್ಲ ಬ್ಯಾರೆಲ್ಲನ್ನು ನೀರಿನಿಂದ ತೊಳೆಯುತ್ತಿದ್ದರು. ಉಕ್ಕಿಗೆ ನೀರಾ ಅಂತ ಹುಬ್ಬೇರಿಸಬೇಡಿ. ಆ ಕಾಲದ ತೋಟಾದಲ್ಲಿ ಮದ್ದಿಗೆ ಕಿಡಿ ಹೊತ್ತಿಸುವ ಪ್ರೈಮರ್‌ನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಉರಿದ ಮೇಲೆ ಉಳಿಯುವುದು ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ತಮ್ಮ. ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ನೀರೊಡೆಯುತ್ತಲ್ಲ, ಹಾಗೇ ಅದು ಗಾಳಿಯ ತೇವ ಎಳೆದುಕೊಂಡು ರಾತ್ರಿ ಕಳೆಯುವುದರೊಳಗೆ ತುಕ್ಕು ಹಿಡಿಸುತ್ತದೆ. ಎಣ್ಣೆಯಲ್ಲಿ ಉಪ್ಪು ಕರಗುವುದಿಲ್ಲ. ಬಿಸಿ ಸೋಪಿನ ನೀರಿನಲ್ಲಿ ಕರಗುತ್ತದೆ. ತೊಳೆದು, ಒಣಗಿಸಿ, ಆಮೇಲೆ ಎಣ್ಣೆ. ಮಲೆನಾಡಿನಲ್ಲಿ ಕರಿಮದ್ದಿನ ಕೇಪಿನ ಕೋವಿ ಇಟ್ಟುಕೊಂಡವರಿಗೂ ಇದೇ ಮಾತು ಅನ್ವಯ, ಮೊದಲು ನೀರು, ಆಮೇಲೆ ಎಣ್ಣೆ. ಈಗಿನ ತೋಟಾಗಳಲ್ಲಿ ಆ ಉಪ್ಪಿನ ಕಾಟ ಹೆಚ್ಚಾಗಿ ಇಲ್ಲ.

ನಮ್ಮ ಸೈನ್ಯದ ಟ್ಯಾಂಕುಗಳ ಮೇಲೂ ಹೀಗೇ ಗೇಜು ಹಾಕ್ತಾರಾ ಅಂತ ಕೇಳುವವರಿಗೆ: ಟಿ-72 ಟ್ಯಾಂಕಿನ ಮೇಲಿರುವ 12.7 ಮಿ.ಮೀ. ಗನ್ನು ಸೋವಿಯತ್ ಮೂಲದ ಎನ್‌ಎಸ್‌ವಿ ಜಾತಿಯದು, ಭಾರತದಲ್ಲಿ ಅದು ತಯಾರಾಗುವುದು ತಿರುಚಿರಾಪಳ್ಳಿಯ ಕಾರ್ಖಾನೆಯಲ್ಲಿ. ಅದು ಗ್ಯಾಸ್ ಒತ್ತಡದಿಂದ ಓಡುವ ಗನ್ನು, ಬ್ಯಾರೆಲ್ ಬೇಗ ಬದಲಿಸಲು ಆಗುವಂತೆ ಮೊದಲೇ ವಿನ್ಯಾಸ ಮಾಡಿದ್ದು. ಎಂ-2ರಂತೆ ಕ್ಲಿಕ್ ಎಣಿಸುವ ಪಾಡು ಅದಕ್ಕಿಲ್ಲ.

ಅಮೆರಿಕನ್ನರಿಗೂ ಕೊನೆಗೆ ಈ ಎಣಿಕೆ ಸಾಕಾಯಿತು. 2010ರಲ್ಲಿ ಎಂ-2ಎ1 ಎಂಬ ಮಾದರಿ ಒಪ್ಪಿಗೆ ಪಡೆಯಿತು. ಅದರಲ್ಲಿ ಹೆಡ್‌ಸ್ಪೇಸೂ ಟೈಮಿಂಗೂ ಕಾರ್ಖಾನೆಯಲ್ಲೇ ಕೂರಿಸಿಟ್ಟಿರುತ್ತಾರೆ. ಬ್ಯಾರೆಲ್ ತೂರಿಸಿ ಸ್ವಲ್ಪ ತಿರುಗಿಸಿದರೆ ಕಚ್ಚಿಕೊಳ್ಳುತ್ತದೆ, ಅಷ್ಟೆ. ಇವತ್ತಿನ ಯಂತ್ರಗಳು ಆ ಅಳತೆಯನ್ನು ಪ್ರತಿ ತುಂಡಿನಲ್ಲೂ ಹಿಡಿಯಬಲ್ಲವು, ಆದ್ದರಿಂದ ಇದು ಸಾಧ್ಯ. ನೀವು ನೋಡಿದ ವಿಡಿಯೊದಲ್ಲಿ ಗೇಜು ಇತ್ತು ಅಂದರೆ ಅದು ಹಳೇ ಮಾದರಿಯೇ.

ಹಳೇ ಗನ್ನುಗಳನ್ನು ಹೊಸ ಮಾದರಿಗೆ ಬದಲಾಯಿಸುವ ಕೆಲಸ ನಡೆಯುವುದು ಅಲಬಾಮದ ಆ್ಯನಿಸ್ಟನ್ ಆರ್ಮಿ ಡಿಪೊದಲ್ಲಿ. 2015ರಲ್ಲಿ ಅಲ್ಲಿಗೆ ಬಂದ ಒಂದು ಗನ್ನಿನ ಸೀರಿಯಲ್ ನಂಬರ್ ನೋಡಿ ಕೆಲಸಗಾರರು ನಿಂತುಬಿಟ್ಟರು: 324. ವಯಸ್ಸು ಸುಮಾರು 94 ವರ್ಷ. ಒಮ್ಮೆಯೂ ಪೂರ್ತಿ ರಿಪೇರಿಗೆ ಬಂದದ್ದಲ್ಲ. ಗೇಜು ಹಾಕಿ ನೋಡಿದರೆ, ಅದರ ಮೊಮ್ಮಕ್ಕಳ ವಯಸ್ಸಿನ ಎಷ್ಟೋ ಗನ್ನುಗಳಿಗಿಂತ ಅದರ ಅಳತೆಯೇ ಚೆನ್ನಾಗಿತ್ತು.