ಹೀಪ್ ಗ್ರಾಫ್ ಗರಗಸದ ಹಾಗೆ ಕಂಡರೆ ಮೆಮೊರಿ ಲೀಕ್ ಇದೆ ಅಂತಲೇನಾ?

ಪ್ರಶ್ನೆ: ಸರ್, ಮುಧೋಳದ ಹತ್ತಿರ ಕಬ್ಬಿನ ತೂಕದ ಚೀಟಿ ಕೊಡುವ ಜಾವಾ ಸಾಫ್ಟ್‌ವೇರ್ ನೋಡಿಕೊಳ್ಳುತ್ತೇನೆ. ಜಾವಾ ಪ್ರೋಗ್ರಾಂನ ಮೆಮೊರಿ ತೋರಿಸುವ ವಿಷುವಲ್‌ವಿಎಂ ತೆರೆದರೆ ಹೀಪ್ (ಆಬ್ಜೆಕ್ಟ್‌ಗಳು ಕೂರುವ ಮೆಮೊರಿ) ಬಳಕೆಯ ನೀಲಿ ಗೆರೆ ಏರುತ್ತಾ ಹೋಗಿ ಧಡಕ್ಕನೆ ಬೀಳುತ್ತದೆ, ಮತ್ತೆ ಏರುತ್ತದೆ. ಹಂಗಾಮು ಇನ್ನೂ ಶುರುವಾಗಿಲ್ಲ, ಸರ್ವರ್ ಸುಮ್ನೆ ಕೂತಾಗಲೂ ಹೀಗೇ. ಇದು ಲೀಕ್ ಅಲ್ವಾ?

ಉತ್ತರ: ಲೀಕ್ ಅಂದರೆ ಬೇಡದ ಆಬ್ಜೆಕ್ಟ್‌ಗಳು ಬಿಡುಗಡೆಯಾಗದೆ ಮೆಮೊರಿಯಲ್ಲೇ ಉಳಿದುಬಿಡುವುದು. ಬರೀ ಏರಿ ಬೀಳುತ್ತಿದ್ದರೆ ಲೀಕ್ ಅಲ್ಲ. ಪ್ರೋಗ್ರಾಂ ಹೊಸ ಆಬ್ಜೆಕ್ಟ್ ಮಾಡಿದಂತೆ ಗೆರೆ ಏರುತ್ತದೆ. ಗಾರ್ಬೇಜ್ ಕಲೆಕ್ಟರ್ ಬೇಡದ್ದನ್ನು ತೆಗೆದಾಗ ಬೀಳುತ್ತದೆ. ಸುಮ್ನೆ ಕೂತ ಸರ್ವರ್‌ನಲ್ಲೂ ಏರಲು ವಿಷುವಲ್‌ವಿಎಂ ಕೂಡ ಒಂದು ಕಾರಣ: ಅದು ಅಂಕಿ ಕೇಳಿದಾಗಲೆಲ್ಲ ನಿಮ್ಮ ಜೆವಿಎಂ (ಜಾವಾ ಪ್ರೋಗ್ರಾಂ ಓಡಿಸುವ ಎಂಜಿನ್) ಒಳಗೆ ಒಂದಿಷ್ಟು ಆಬ್ಜೆಕ್ಟ್ ಹುಟ್ಟುತ್ತವೆ.

ಗರಗಸದ ಹಲ್ಲಿನ ತುದಿ ಬಿಡಿ, ಬುಡ ನೋಡಿ. ಇಲ್ಲೂ ಒಂದು ತೊಡಕಿದೆ. ಸಣ್ಣ ಕಲೆಕ್ಷನ್‌ಗಳು ಹೊಸ ಆಬ್ಜೆಕ್ಟ್‌ಗಳನ್ನಷ್ಟೇ ಗುಡಿಸುತ್ತವೆ. ಉಳಿದುಕೊಂಡವು ಓಲ್ಡ್ ಜನರೇಷನ್‌ಗೆ (ಹಳೆಯ ಆಬ್ಜೆಕ್ಟ್‌ಗಳ ಜಾಗಕ್ಕೆ) ಹೋಗಿ ಸೇರುತ್ತವೆ, ಹಾಗಾಗಿ ಬುಡವೂ ಸ್ವಲ್ಪ ಸ್ವಲ್ಪ ಏರುತ್ತದೆ. ಅಷ್ಟಕ್ಕೇ ಗಾಬರಿ ಬೇಡ. 'ಪರ್ಫಾರ್ಮ್ ಜಿಸಿ' ಗುಂಡಿ ಒತ್ತಿ ಪೂರ್ತಿ ಕಲೆಕ್ಷನ್ ಮಾಡಿಸಿ, ಆಮೇಲೆ ಉಳಿದ ಅಂಕಿ ಬರೆದಿಟ್ಟುಕೊಳ್ಳಿ. ಮರುದಿನ ಅದೇ ಹೊತ್ತಿಗೆ, ಅಷ್ಟೇ ಕೆಲಸ ನಡೆದಿರುವಾಗ ಮತ್ತೆ ಒತ್ತಿ ನೋಡಿ. ಕಬ್ಬು ನುರಿಸುವ ಹಂಗಾಮಿನಲ್ಲಿ ಬುಡ ಈಗಿನದಕ್ಕಿಂತ ಮೇಲೆ ಇರುವುದು ಸಹಜ, ಕೆಲಸ ಜಾಸ್ತಿ. ಅದನ್ನು ಈಗಿನ ಅಂಕಿಯ ಜೊತೆ ಹೋಲಿಸಬೇಡಿ. ಕೆಲಸ ಅಷ್ಟೇ ಇದ್ದು, ಪೂರ್ತಿ ಕಲೆಕ್ಷನ್ ಆದ ಮೇಲೂ ದಿನದಿಂದ ದಿನಕ್ಕೆ ಬುಡ ಏರುತ್ತಿದ್ದರೆ ಆಗ ಅನುಮಾನ ಪಡಿ.

ಕಿತ್ತಳೆ ಗೆರೆ ಬೇರೆ ಮಾತು. ಅದು ಜೆವಿಎಂ ಹೀಪ್‌ಗೆಂದು ತೆಗೆದಿಟ್ಟುಕೊಂಡ ಜಾಗ. ನೀಲಿ ಬಿದ್ದರೂ ಕಿತ್ತಳೆ ಬೀಳದೆ ಇರಬಹುದು, ಅದಕ್ಕೇ ಪ್ರೋಗ್ರಾಂಗಳ ಮೆಮೊರಿ ತೋರಿಸುವ ಟಾಪ್ ಕಮಾಂಡ್‌ನಲ್ಲಿ ಅಂಕಿ ದೊಡ್ಡದಾಗಿ ಕಾಣುತ್ತದೆ. ಹೀಪ್‌ನ ಗರಿಷ್ಠ ಮಿತಿ ನೀವು ಹೇಳದಿದ್ದರೆ ಸಾಮಾನ್ಯವಾಗಿ ರ‍್ಯಾಮ್‌ನ ಕಾಲು ಭಾಗ: 16 ಜಿಬಿ ಇದ್ದರೆ ಸುಮಾರು 4 ಜಿಬಿ.

ಅನುಮಾನ ಗಟ್ಟಿಯಾದರೆ ಹೀಪ್ ಡಂಪ್ (ಆ ಕ್ಷಣದ ಹೀಪ್‌ನ ನಕಲು) ತೆಗೆಯಿರಿ. ಆದರೆ ಕಾಟಾದ ಮುಂದೆ ಟ್ರ್ಯಾಕ್ಟರ್ ಸಾಲು ನಿಂತಾಗ ಬೇಡ ಮಾರಾಯರೆ! ಡಂಪ್ ಮುಗಿಯುವವರೆಗೆ ಪ್ರೋಗ್ರಾಂ ನಿಂತುಬಿಡುತ್ತದೆ, ಬೈಗುಳ ನಿಮಗೆ.

ಡಂಪ್ ತೆರೆದರೆ ಪಟ್ಟಿಯ ಮೇಲ್ತುದಿಯಲ್ಲಿ ಬಹುಮಟ್ಟಿಗೆ ಬೈಟ್ ಅರೇ (ಬೈಟ್‌ಗಳ ಸಾಲು) ಇರುತ್ತದೆ. ಜಾವಾ 9ರಿಂದ ಸ್ಟ್ರಿಂಗ್‌ನ (ಪಠ್ಯದ) ಅಕ್ಷರಗಳು ಅದರಲ್ಲೇ ಇರುತ್ತವೆ, ಅದನ್ನು ಬೈದು ಪ್ರಯೋಜನವಿಲ್ಲ. ಅವನ್ನು ಹಿಡಿದುಕೊಂಡವರು ಯಾರು ಅಂತ ಹುಡುಕಿ. ಡಂಪ್ ಪರೀಕ್ಷಿಸುವ ಎಕ್ಲಿಪ್ಸ್ ಮ್ಯಾಟ್ ಅನ್ನುವ ಸಾಫ್ಟ್‌ವೇರ್‌ನ ಡಾಮಿನೇಟರ್ ಟ್ರೀಯಲ್ಲಿ (ಯಾವ ಆಬ್ಜೆಕ್ಟ್ ಯಾವುದನ್ನು ಹಿಡಿದಿದೆ ಅನ್ನುವ ಪಟ್ಟಿ) 'ರಿಟೇನ್ಡ್' ಗಾತ್ರ ನೋಡಿದರೆ ಸಿಗುತ್ತದೆ: ಈ ಆಬ್ಜೆಕ್ಟ್ ಹೋದರೆ ಒಟ್ಟು ಎಷ್ಟು ಜಾಗ ಬಿಡುಗಡೆ ಆಗುತ್ತದೆ ಅನ್ನುವ ಲೆಕ್ಕ ಅದು. ನಿಮ್ಮಂಥ ಸಾಫ್ಟ್‌ವೇರ್‌ನಲ್ಲಿ ನಾನು ಮೊದಲು ಅನುಮಾನಿಸುವುದು ಸ್ಟ್ಯಾಟಿಕ್ ಹ್ಯಾಶ್‌ಮ್ಯಾಪ್ ಅನ್ನು, ಅಂದರೆ ಪ್ರೋಗ್ರಾಂ ಓಡುವಷ್ಟು ಹೊತ್ತೂ ಉಳಿಯುವ, ಹೆಸರು ಅಥವಾ ನಂಬರ್ ಕೊಟ್ಟು ಹುಡುಕುವ ಪಟ್ಟಿಯನ್ನು. ಗಾಡಿ ನಂಬರ್ ಹಾಕಿ ಚೀಟಿ ಸೇರಿಸುವವರು ಇರುತ್ತಾರೆ, ಗಾಡಿ ಹೋದ ಮೇಲೆ ತೆಗೆಯುವ ಸಾಲು ಬರೆದಿರುವುದಿಲ್ಲ.