ಇಂಗ್ಲಿಷ್ 101: ತೊಡಕಿರುವುದು ಇಂಗ್ಲಿಷ್‌ನಲ್ಲಿ ಅಲ್ಲ

ಪಿಯುಸಿ ಮುಗಿಸಿ ಅಮೆರಿಕದ ಕಾಲೇಜಿಗೆ ಬರುವ ನಮ್ಮ ಮಕ್ಕಳಿಗೆ ಕ್ಯಾಲ್ಕುಲಸ್ ಕಂಡರೆ ಭಯವಿಲ್ಲ, ಫಿಸಿಕ್ಸ್ ಕಂಡರೂ ಇಲ್ಲ. ಮೊದಲ ಸೆಮಿಸ್ಟರಿನ ಟೈಮ್‌ಟೇಬಲ್‌ನಲ್ಲಿ 'ಇಂಗ್ಲಿಷ್ 101' ಅಂತ ಒಂದು ಸಾಲು ನೋಡಿದರೆ ನಗು ಬರುತ್ತದೆ, ಅಷ್ಟೇ. ಕಂಪ್ಯೂಟರ್ ಸೈನ್ಸ್ ಓದಲು ಬಂದವರಿಗೆ ಪ್ರಬಂಧ ಬರೆಯುವ ಕ್ಲಾಸ್ ಯಾಕೆ? ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ ಬೇರೆ. ಆಮೇಲೆ ಮೊದಲ ಪೇಪರ್ ವಾಪಸ್ ಬರುತ್ತದೆ. ಸಿ ಮೈನಸ್. ವ್ಯಾಕರಣ ಸರಿಯಿದೆ, ಸ್ಪೆಲಿಂಗ್ ಸರಿಯಿದೆ, ಆದರೆ ಮಾರ್ಜಿನ್ ತುಂಬಾ 'ಸೋ ವಾಟ್?', 'ಹೌ ಡು ಯು ನೋ?' ಅನ್ನುವ ಪ್ರಶ್ನೆಗಳು.

ನಾನು ಇಲ್ಲಿನ ಒಂದು ಯೂನಿವರ್ಸಿಟಿಯಲ್ಲಿ ಇದೇ ಕೋರ್ಸ್ ಕಲಿಸುತ್ತೇನೆ. ಆ ಪ್ರಶ್ನೆಗಳನ್ನು ಬರೆಯುವವರಲ್ಲಿ ನಾನೂ ಒಬ್ಬಳು.

ಈ ಕೋರ್ಸ್ ವಿದೇಶಿ ಮಕ್ಕಳಿಗಾಗಿ ಹುಟ್ಟಿದ್ದಲ್ಲ. ಹಾರ್ವರ್ಡ್‌ನಲ್ಲಿ 1874ರಿಂದ ಪ್ರವೇಶ ಪರೀಕ್ಷೆಗೆ ಇಂಗ್ಲಿಷ್‌ನಲ್ಲಿ ಬರೆಯುವ ಒಂದು ಪತ್ರಿಕೆ ಇಟ್ಟರು. ಹುಡುಗರು ಬರೆದದ್ದನ್ನು ಓದಿ ಮೇಷ್ಟ್ರುಗಳಿಗೆ ತಲೆ ಕೆಟ್ಟುಹೋಯಿತು. 1885ರಲ್ಲಿ ಮೊದಲ ವರ್ಷದವರಿಗೆ 'ಇಂಗ್ಲಿಷ್ ಎ' ಅನ್ನುವ ಕೋರ್ಸ್ ಬಂತು. ಆಗ ಅಲ್ಲಿ ಕೂತಿದ್ದವರಲ್ಲಿ ಹೆಚ್ಚಿನವರು ಮನೆಯಲ್ಲೂ ಇಂಗ್ಲಿಷೇ ಮಾತಾಡುವ, ದುಡ್ಡಿದ್ದ ಮನೆಗಳ ಹುಡುಗರು. ಅದಕ್ಕೇ ಹೇಳುತ್ತೇನೆ, ನಿಮ್ಮ ಇಂಗ್ಲಿಷ್ ಚೆನ್ನಾಗಿಲ್ಲ ಅಂತ ಕೊರಗಬೇಡಿ. ಚೆನ್ನಾಗಿದೆ ಅಂತ ನೆಮ್ಮದಿಯಾಗಿಯೂ ಕೂರಬೇಡಿ.

ಹೈಸ್ಕೂಲಿನಲ್ಲಿ ನಾವು ಬರೆದ ಪ್ರಬಂಧ ನೆನಪಿದೆ ಅಲ್ವಾ? ಪೀಠಿಕೆ, ವಿಷಯ ವಿವರಣೆ, ಉಪಸಂಹಾರ. 'ಗ್ರಂಥಾಲಯಗಳ ಮಹತ್ವ' ಅಂತ ಕೊಟ್ಟರೆ 'ದೇಶ ಸುತ್ತು ಕೋಶ ಓದು' ಅಂತ ಶುರು ಮಾಡಿ, ಗ್ರಂಥಾಲಯ ಜ್ಞಾನದ ಭಂಡಾರ ಅಂದು, ಅದರ ವಿಧಗಳು, ಉಪಯೋಗಗಳನ್ನೆಲ್ಲ ಪಟ್ಟಿ ಮಾಡಿ, ಕೊನೆಗೆ ನಾವೆಲ್ಲರೂ ಇದರ ಸದುಪಯೋಗ ಪಡೆಯಬೇಕು ಅಂತ ಮುಗಿಸಿದರೆ ಹತ್ತಿರ ಹತ್ತಿರ ಪೂರ್ತಿ ಅಂಕ. ಇದನ್ನು ಓದಿ 'ನಾನು ಒಪ್ಪುವುದಿಲ್ಲ' ಅನ್ನುವವರು ಯಾರಾದರೂ ಇದ್ದಾರಾ? ಇಲ್ಲ. ಇಲ್ಲಿ ಅದೇ ತೊಂದರೆ. ಯಾರೂ ಒಪ್ಪದೇ ಇರಲಾಗದ ಮಾತನ್ನು ನಾಲ್ಕು ಪುಟ ಬರೆದು ಸಾಧಿಸುವುದಕ್ಕೆ ಏನೂ ಇರುವುದಿಲ್ಲ. ಅಮೆರಿಕದ ಮಕ್ಕಳೂ ಇದರಿಂದ ಹೊರತಲ್ಲ, ಅವರಿಗೆ ಶಾಲೆಯಲ್ಲಿ ಐದು ಪ್ಯಾರಾದ ಒಂದು ಅಚ್ಚು ಕೊಟ್ಟಿರುತ್ತಾರೆ. ಅದನ್ನು ಬಿಡಿಸುವುದಕ್ಕೂ ನಮಗೆ ಅರ್ಧ ಸೆಮಿಸ್ಟರ್ ಬೇಕು.

ಅದೇ ಗ್ರಂಥಾಲಯವನ್ನೇ ತೆಗೆದುಕೊಳ್ಳೋಣ. 2019ರ ಅಕ್ಟೋಬರಿನಿಂದ ಶಿಕಾಗೊ ನಗರದ ಪಬ್ಲಿಕ್ ಲೈಬ್ರರಿ, ಪುಸ್ತಕ ತಡವಾಗಿ ತಂದರೆ ಹಾಕುತ್ತಿದ್ದ ದಂಡವನ್ನು ತೆಗೆದುಹಾಕಿತು. 2021ರಲ್ಲಿ ನ್ಯೂಯಾರ್ಕ್ ಕೂಡ ತೆಗೆಯಿತು. ಈಗ ನೋಡಿ, ಇಲ್ಲಿ ಜಗಳವಿದೆ. ದಂಡ ಇರಬೇಕಾ, ಬೇಡವಾ? ಯಾರಿಗೆ ನಷ್ಟ? 'ತಡದ ದಂಡ ಪುಸ್ತಕವನ್ನು ಬೇಗ ವಾಪಸ್ ತರಿಸುವುದಿಲ್ಲ, ಬಡವರನ್ನು ಲೈಬ್ರರಿಯಿಂದ ದೂರ ಇಡುತ್ತದೆ, ಹಾಗಾಗಿ ನಗರದ ಲೈಬ್ರರಿಗಳು ಅದನ್ನು ಬಿಡಬೇಕು' ಅಂತ ಒಂದು ವಾಕ್ಯ ಬರೆದರೆ ಅದು ಥೀಸಿಸ್, ಅಂದರೆ ನಿಮ್ಮ ಪೇಪರ್ ಪೂರ್ತಿ ಸಾಧಿಸಬೇಕಾದ ಮಾತು. ನಿಮ್ಮ ಪಕ್ಕದಲ್ಲಿ ಕೂತವರು 'ಅದು ಹೇಗೆ? ದಂಡವಿಲ್ಲದಿದ್ದರೆ ಯಾರು ತಂದುಕೊಡುತ್ತಾರೆ?' ಅಂತ ಕೇಳಬೇಕು. ಕೇಳಿದರೆ ನಿಮ್ಮ ಪೇಪರಿಗೆ ಕೆಲಸ ಹುಟ್ಟಿತು.

ಮುಂದಿನ ಹೆಜ್ಜೆಯಲ್ಲೇ ಜಾಸ್ತಿ ಜನ ಬೀಳುವುದು. ದಂಡ ತೆಗೆದ ಮೇಲೆ ಶಿಕಾಗೊದಲ್ಲಿ ಪುಸ್ತಕ ವಾಪಸ್ ಬರುವುದು ಜಾಸ್ತಿಯಾಯಿತು ಅಂತ ಸುದ್ದಿಯಾಗಿತ್ತು. ವಿದ್ಯಾರ್ಥಿ ಆ ಸಾಲನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ, ಮೂಲದ ಹೆಸರು ಕೊಟ್ಟು, ಮುಂದಿನ ಪ್ಯಾರಾಗೆ ಹೋಗಿಬಿಡುತ್ತಾನೆ. ಸಾಕ್ಷಿ ಕೊಟ್ಟೆನಲ್ಲ ಮೇಡಂ ಅನ್ನುತ್ತಾನೆ. ಕೊಟ್ಟೆಯಪ್ಪಾ, ಆದರೆ ಆ ಸಾಕ್ಷಿ ನಿನ್ನ ಮಾತನ್ನು ಹೇಗೆ ಸಾಧಿಸುತ್ತದೆ ಅಂತ ಹೇಳಲಿಲ್ಲ. ತತ್ವಶಾಸ್ತ್ರಜ್ಞ ಸ್ಟೀಫನ್ ಟೂಲ್ಮಿನ್ 1958ರಲ್ಲಿ ವಾದದ ಒಳಭಾಗಗಳನ್ನು ಬಿಡಿಸಿ ತೋರಿಸಿದಾಗ ಇದಕ್ಕೆ 'ವಾರಂಟ್' ಅಂತ ಹೆಸರಿಟ್ಟರು: ಸಾಕ್ಷಿಯಿಂದ ತೀರ್ಮಾನಕ್ಕೆ ದಾಟುವುದಕ್ಕೆ ಬೇಕಾದ ಕಾರಣ. ನಮ್ಮ ಮನಸ್ಸಿನಲ್ಲಿ ಅದು ಇದ್ದೇ ಇರುತ್ತದೆ, ಅದಕ್ಕೇ ಕಾಗದದ ಮೇಲೆ ಬರೆಯಲು ಮರೆಯುತ್ತೇವೆ.

ಬರೆಯಲು ಕೂತಾಗ ಏನಾಗುತ್ತದೆ ನೋಡಿ. ಶಿಕಾಗೊದವರು ದಂಡ ತೆಗೆದಾಗ ಹಳೆಯ ಬಾಕಿಯನ್ನೂ ಮನ್ನಾ ಮಾಡಿದರು. ಅಂದರೆ ಪುಸ್ತಕ ತಂದವರಲ್ಲಿ, ಬಾಕಿಗೆ ಹೆದರಿ ಎಷ್ಟೋ ಕಾಲದಿಂದ ಮನೆಯಲ್ಲೇ ಇಟ್ಟುಕೊಂಡವರೂ ಇದ್ದಿರಬಹುದಲ್ಲ? ಹಾಗಿದ್ದರೆ ಆ ಏರಿಕೆ ಮನ್ನಾದಿಂದ ಬಂದ ಒಂದು ಸಲದ ಅಲೆ. ದಂಡವಿಲ್ಲದ ಊರಿನಲ್ಲಿ ಜನ ಯಾವಾಗಲೂ ಹೊತ್ತಿಗೆ ಸರಿಯಾಗಿ ಪುಸ್ತಕ ತರುತ್ತಾರೆ ಅಂತ ಅದರಿಂದ ಹೇಳಲು ಬರುವುದಿಲ್ಲ. ಇಷ್ಟು ಹೊಳೆದ ಮಗು ಹೆದರಿಕೊಂಡು ನನ್ನ ಹತ್ತಿರ ಬರುತ್ತದೆ, 'ಮೇಡಂ, ನನ್ನ ಥೀಸಿಸ್ ಬಿದ್ದುಹೋಯಿತು' ಅಂತ. ಬಿದ್ದಿಲ್ಲ. ಈಗ ಅದು ನಿಂತಿತು. ಆ ಸಾಕ್ಷಿ ಎಷ್ಟು ಹೇಳುತ್ತದೋ ಅಷ್ಟನ್ನೇ ಬರೆಯಿರಿ: ಹಳೆಯ ಬಾಕಿಯೇ ಜನರನ್ನು ತಡೆದಿತ್ತು ಅನ್ನುವುದಕ್ಕೆ ಇದು ಒಳ್ಳೆಯ ಸಾಕ್ಷಿ, ಶಿಸ್ತಿನ ಪ್ರಶ್ನೆಗೆ ಬೇರೆ ಸಾಕ್ಷಿ ಬೇಕು. ಅಮೆರಿಕನ್ ಲೈಬ್ರರಿ ಅಸೋಸಿಯೇಶನ್ 2019ರ ಜನವರಿಯಲ್ಲಿ ಇಂಥ ದಂಡಗಳು ಸಾಮಾಜಿಕ ಅಸಮಾನತೆಯ ಒಂದು ರೂಪ ಅಂತ ನಿರ್ಣಯ ಮಾಡಿತು, ಅದನ್ನು ಬಳಸಿ. ಆದರೆ ಅದು ಒಂದು ಸಂಘದ ನಿಲುವು, ಲೆಕ್ಕ ಹಾಕಿದ ಫಲಿತಾಂಶ ಅಲ್ಲ ಅನ್ನುವ ಎಚ್ಚರವಿರಲಿ. ದೊಡ್ಡವರು ಹೇಳಿದ್ದಾರೆ ಅಂದರೆ ಮುಗಿಯಿತು ಅನ್ನುವ ಅಭ್ಯಾಸ ನಮ್ಮಲ್ಲಿ ಸ್ವಲ್ಪ ಜಾಸ್ತಿ, ಇಲ್ಲಿ ಅದಕ್ಕೆ ಅಂಕ ಸಿಗುವುದಿಲ್ಲ.

ಎದುರು ವಾದವನ್ನೂ ಇಷ್ಟೇ ಗಂಭೀರವಾಗಿ ತೆಗೆದುಕೊಳ್ಳಬೇಕು. 'ಕೆಲವರು ಹೀಗೆ ಹೇಳುತ್ತಾರೆ, ಆದರೆ ಅದು ತಪ್ಪು' ಅಂತ ಒಂದು ಸಾಲಿನಲ್ಲಿ ತಳ್ಳಿಹಾಕಿದರೆ ಓದುವವರಿಗೆ ನಿಮ್ಮ ಮೇಲೆ ನಂಬಿಕೆ ಹೋಗುತ್ತದೆ. ನನ್ನ ಕ್ಲಾಸಿನಲ್ಲಿ ಒಂದು ಪದ್ಧತಿ ಇದೆ. ಎದುರು ಪಕ್ಷದ ವಾದವನ್ನು ನೀವು ಬರೆದು, ಆ ಪಕ್ಷದವರಿಗೇ ಓದಿ ಹೇಳಬೇಕು. ಅವರು 'ಹೌದು, ನಾನು ಹೇಳಿದ್ದು ಇದೇ' ಅನ್ನುವ ತನಕ ಉತ್ತರ ಬರೆಯುವಂತಿಲ್ಲ.

ಬೇರೆಯವರ ಬರಹ ಕದಿಯುವ ವಿಷಯಕ್ಕೆ ಬರುತ್ತೇನೆ. ಗೈಡ್ ನೋಡಿ ಇದ್ದದ್ದು ಇದ್ದಂತೆ ಬರೆದರೆ ಜಾಸ್ತಿ ಅಂಕ ಬರುತ್ತಿದ್ದ ಕಡೆಯಿಂದ ಬಂದವರಿಗೆ ಇಲ್ಲಿನ ನಿಯಮ ಕಟುವಾಗಿ ಕಾಣುತ್ತದೆ. ಪೂರ್ತಿ ಪೇಪರನ್ನೇ ನಕಲು ಮಾಡುವವರು ಕಡಿಮೆ. ಹೆಚ್ಚು ಕಾಣುವುದು ಇನ್ನೊಂದು ಬಗೆ: ಮೂಲದ ವಾಕ್ಯ ಇಟ್ಟುಕೊಂಡು ಅಲ್ಲೊಂದು ಇಲ್ಲೊಂದು ಪದ ಬದಲಾಯಿಸುವುದು. ರೆಬೆಕಾ ಮೂರ್ ಹೊವರ್ಡ್ ಅನ್ನುವ ವಿದ್ವಾಂಸೆ 1990ರ ದಶಕದಲ್ಲಿ ಇದನ್ನು 'ಪ್ಯಾಚ್‌ರೈಟಿಂಗ್' ಅಂತ ಕರೆದರು, ಎಷ್ಟೋ ಸಲ ಇದು ಮೋಸ ಅಲ್ಲ, ಕಷ್ಟದ ಬರಹವನ್ನು ಅರ್ಥ ಮಾಡಿಕೊಳ್ಳಲು ಒದ್ದಾಡುವವರ ಹಂತ ಅಂತ ವಾದಿಸಿದರು. ನನಗೂ ಹಾಗೇ ಅನಿಸುತ್ತದೆ. ಆದರೆ ಕಾಲೇಜಿನ ಶಿಸ್ತು ಸಮಿತಿ ಹಾಗೇ ನೋಡುತ್ತದೆ ಅಂತ ಭರವಸೆ ಇಟ್ಟುಕೊಳ್ಳಬೇಡಿ. ಓದಿದ ಮೇಲೆ ಮೂಲವನ್ನು ಮುಚ್ಚಿಡಿ, ಗೆಳೆಯನಿಗೆ ಹೇಳುವ ಹಾಗೆ ಕನ್ನಡದಲ್ಲಿ ಹೇಳಿಕೊಳ್ಳಿ, ಆಮೇಲೆ ಅದನ್ನು ಇಂಗ್ಲಿಷ್‌ನಲ್ಲಿ ಬರೆಯಿರಿ, ಕೊನೆಗೆ ಮೂಲ ತೆರೆದು ತಾಳೆ ನೋಡಿ. ಕನ್ನಡದಲ್ಲಿ ಹೇಳಲು ಬರಲಿಲ್ಲ ಅಂದರೆ ಅರ್ಥವಾಗಿಲ್ಲ ಅಂತಲೇ. ಈ ಉಪಾಯ ಇಂಗ್ಲಿಷ್ ಮಾತ್ರ ಗೊತ್ತಿರುವವರಿಗೆ ಸಿಗುವುದಿಲ್ಲ, ನಿಮಗೆ ಸಿಕ್ಕಿದೆ.

ಎಐ ಬಗ್ಗೆ ಒಂದೇ ಮಾತು: ಪ್ರತಿ ಮೇಷ್ಟ್ರ ನಿಯಮವೂ ಬೇರೆ, ಸಿಲಬಸ್ ಓದಿ. ಎಂಎಲ್‌ಎ (ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಶನ್) ಹೇಳುವ ಪೇಪರ್ ಫಾರ್ಮ್ಯಾಟ್, ಒಂದು ಇಂಚು ಮಾರ್ಜಿನ್, ಡಬಲ್ ಸ್ಪೇಸ್, ಇವೆಲ್ಲ ಒಂದು ಸಂಜೆ ಕೂತರೆ ಬರುತ್ತವೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ತಿದ್ದಿ ಬರೆಯುವುದಕ್ಕೆ ಮಾತ್ರ ಸಮಯ ಇಟ್ಟುಕೊಳ್ಳಿ. ನಮ್ಮವರಿಗೆ ಡ್ರಾಫ್ಟ್ ಅಂದರೆ ಸ್ಪೆಲಿಂಗ್ ಸರಿ ಮಾಡುವುದು. ಮೊದಲ ಡ್ರಾಫ್ಟ್ ಮುಗಿದ ಮೇಲೆ ಪ್ರತಿ ಪ್ಯಾರಾ ಪಕ್ಕದಲ್ಲಿ, ಇದು ಏನು ಹೇಳುತ್ತಿದೆ ಅಂತ ಒಂದೊಂದು ಸಾಲು ಬರೆಯಿರಿ. ಎರಡು ಪ್ಯಾರಾಗಳ ಪಕ್ಕ ಒಂದೇ ಸಾಲು ಬಂದರೆ ಒಂದನ್ನು ಕತ್ತರಿಸಿ. ಏನೂ ಬರೆಯಲು ತೋಚದಿದ್ದರೆ ಆ ಪ್ಯಾರಾ ಸುಮ್ನೆ ಕೂತಿದೆ ಅಂತ ಅರ್ಥ. ಬಹಳ ಸಲ ನಿಮ್ಮ ನಿಜವಾದ ಥೀಸಿಸ್ ಕೊನೆಯ ಪ್ಯಾರಾದಲ್ಲಿ ಸಿಗುತ್ತದೆ, ಯಾಕೆಂದರೆ ಅಲ್ಲಿಗೆ ಬರುವ ಹೊತ್ತಿಗೆ ನೀವು ಯೋಚನೆ ಮಾಡಿ ಮುಗಿಸಿರುತ್ತೀರಿ. ಅದನ್ನು ಎತ್ತಿ ಮೊದಲಿಗೆ ತಂದು, ಉಳಿದದ್ದನ್ನು ಮತ್ತೆ ಬರೆಯಿರಿ. ಹೌದು, ಮತ್ತೆ.

ಆಫೀಸ್ ಅವರ್ಸ್‌ಗೆ, ಅಂದರೆ ಮೇಷ್ಟ್ರು ವಿದ್ಯಾರ್ಥಿಗಳನ್ನು ಕಾಣಲು ಇಟ್ಟಿರುವ ಹೊತ್ತಿಗೆ, ಬನ್ನಿ. ಮೇಷ್ಟ್ರಿಗೆ ತೊಂದರೆ ಕೊಡಬಾರದು ಅಂತ ಬಾಗಿಲ ಹೊರಗೇ ನಿಲ್ಲುವ ಮಕ್ಕಳನ್ನು ನೋಡಿದರೆ ಪಾಪ ಅನಿಸುತ್ತದೆ. ಆ ಹೊತ್ತು ಇರುವುದೇ ನಿಮಗಾಗಿ. 'ಮಾರ್ಕ್ಸ್ ಯಾಕೆ ಕಟ್ ಮಾಡಿದಿರಿ' ಅಂತ ಕೇಳಿದರೆ ಮಾತು ಬೇಗ ಮುಗಿಯುತ್ತದೆ. ಒಂದು ಪ್ಯಾರಾ ತೋರಿಸಿ, 'ಇದನ್ನು ಓದಿ ನಿಮಗೆ ಏನು ಅರ್ಥವಾಯಿತು?' ಅಂತ ಕೇಳಿ. ಬರವಣಿಗೆಗೆ ನೆರವಾಗಲು ಕಾಲೇಜಿನಲ್ಲಿರುವ ರೈಟಿಂಗ್ ಸೆಂಟರ್‌ನಲ್ಲೂ ಹಾಗೇ. ಅಲ್ಲಿನವರು ವ್ಯಾಕರಣ ತಿದ್ದಿಕೊಡುವುದಿಲ್ಲ, ಪ್ರಶ್ನೆ ಕೇಳುತ್ತಾರೆ, ಅದಕ್ಕೆ ಸಾಮಾನ್ಯವಾಗಿ ದುಡ್ಡೂ ಕೊಡಬೇಕಿಲ್ಲ. ಸೆಮಿಸ್ಟರ್ ಕೊನೆಯಲ್ಲಿ ಅಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದು ಕಷ್ಟ, ಮೊದಲ ಪೇಪರಿಗೇ ಹೋಗಿ.